ಶಿಬಿರತಾಣಗಳಲ್ಲಿ ಗಾಲಿಮನೆಗಳಿಗೆ ನೀರು ಮತ್ತು ಮಲಜಲ ಸೌಕರ್ಯ

1. ವಿಷಯದ ವ್ಯಾಪ್ತಿ

ದಾರಿಹೋಕರಿಗೆ ನೀರು ಕೊಡುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಅರವಟ್ಟಿಗೆಗಳಿಗೆ ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳು ಹೇಳುತ್ತವೆ. ಆದರೆ ನೀರನ್ನು ಬಳಸಿದ ಪ್ರವಾಸಿ ಹಿಂದೆ ಬಿಟ್ಟುಹೋಗುವ ಮಲಿನವನ್ನು ಸ್ವೀಕರಿಸುವ ಏರ್ಪಾಡನ್ನು ಯಾರೂ ಪುಣ್ಯದ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಪ್ರವಾಸಿಗಳು ವಿರಳವಾಗಿದ್ದು, ಕಾಲ್ನಡೆಯಲ್ಲಿಯೋ ಗಾಡಿಯಲ್ಲಿಯೋ ಸಾಗುತ್ತಿದ್ದ ಕಾಲದಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸಲಿಲ್ಲ. ಮನೆಯೇ ಗಾಲಿಗಳ ಮೇಲೆ ಸಂಚರಿಸತೊಡಗಿದ ಮೇಲೆ ಅದು ಒಂದು ಸಾರ್ವಜನಿಕ ಪ್ರಶ್ನೆಯಾಗಿ ಪರಿಣಮಿಸಿತು.

ಮಲಗುವ ಸ್ಥಳ, ಅಡುಗೆಯ ಕಟ್ಟೆ, ಶೌಚದ ಪೀಠ ಇವೆಲ್ಲವನ್ನೂ ಒಳಗೊಂಡ ಮೋಟಾರು ವಾಹನವನ್ನು ಈ ಲೇಖನದಲ್ಲಿ ಗಾಲಿಮನೆ ಎಂದು ಕರೆಯಲಾಗಿದೆ. ಯೂರೋಪು, ಅಮೆರಿಕ, ನ್ಯೂಜಿಲೆಂಡುಗಳಲ್ಲಿ ಇಂಥ ವಾಹನಗಳಲ್ಲಿ ಪ್ರವಾಸ ಮಾಡುವುದು ಸಾಮಾನ್ಯ. ಅವು ತಂಗಲೆಂದೇ ಏರ್ಪಟ್ಟ ಬಯಲುಗಳಿಗೆ ಶಿಬಿರತಾಣಗಳೆಂದು ಹೆಸರು. ಗಾಲಿಮನೆಗೆ ಹೊರಗಿನಿಂದ ಬೇಕಾದುವು ಮುಖ್ಯವಾಗಿ ಎರಡು: ಶುದ್ಧಜಲವನ್ನು ತುಂಬಿಕೊಳ್ಳಲು ಒಂದು ನಲ್ಲಿ, ಮಲಿನಜಲವನ್ನು ಬಿಡಲು ಒಂದು ಸ್ಥಳ. ಈ ಎರಡು ಸೌಕರ್ಯಗಳು ಯಾರಿಗೆ, ಯಾವಾಗ, ಯಾವ ನಿಬಂಧನೆಯ ಮೇಲೆ ದೊರೆಯಬೇಕೆಂಬುದೇ ಪ್ರಕೃತ ವಿಚಾರ. ಮೇಲುನೋಟಕ್ಕೆ ಇದು ಪ್ರವಾಸಿಗಳ ಅನುಕೂಲಕ್ಕೆ ಸಂಬಂಧಿಸಿದ ಅಲ್ಪ ವಿಷಯವೆಂದು ತೋರಬಹುದು. ವಸ್ತುತಃ ಇದು ನದೀತೀರದ, ಕೆರೆದಂಡೆಯ, ಹಳ್ಳಿಯ ಬಾವಿಯ ಆರೋಗ್ಯಕ್ಕೆ ಸಂಬಂಧಿಸಿದುದು.

2. ಮಲಿನಜಲದ ಸ್ವರೂಪ

ಗಾಲಿಮನೆಯಿಂದ ಹೊರಬೀಳುವ ಮಲಿನಜಲ ಎರಡು ವಿಧ. ಪಾತ್ರೆ ತೊಳೆದ ನೀರು, ಸ್ನಾನದ ನೀರು ಮೊದಲಾದುವು ಬಚ್ಚಲ ನೀರು. ಶೌಚದಿಂದ ಬಂದದ್ದು ಮಲಜಲ. ಬಚ್ಚಲ ನೀರು ವಾಹನದ ತಳದಲ್ಲಿರುವ ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಮಲಜಲವು ಯೂರೋಪಿನ ವಾಹನಗಳಲ್ಲಿ ಬಹುಮಟ್ಟಿಗೆ ಕೈಯಿಂದ ಹೊರಕ್ಕೆಳೆದು ಒಯ್ಯಬಹುದಾದ, ಸುಮಾರು 20 ಲೀಟರು ಹಿಡಿಯುವ ಒಂದು ಪೆಟ್ಟಿಗೆಯಲ್ಲಿ ಶೇಖರವಾಗುತ್ತದೆ. ಇಬ್ಬರು ಬಳಸಿದರೆ ಇದು ಎರಡು ಮೂರು ದಿನಗಳಲ್ಲಿ ತುಂಬುವುದು. ಅಮೆರಿಕದ ದೊಡ್ಡ ವಾಹನಗಳಲ್ಲಿ ಮಲಜಲಕ್ಕೂ ಸ್ಥಿರವಾದ ತೊಟ್ಟಿಯಿದ್ದು, ದಪ್ಪವಾದ ಕೊಳವೆಯ ಮೂಲಕ ಅದನ್ನು ನೆಲದ ಮೋರಿಗೆ ಹರಿಸುತ್ತಾರೆ.

ಈ ಮಲಜಲವನ್ನು ಮನೆಯ ಮಲಜಲದಂತೆಯೇ ಎಣಿಸುವುದು ಸರಿಯಲ್ಲ. ಒಂದು ಸರಳವಾದ ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಮಲಿನಜಲದ ತೀವ್ರತೆಯನ್ನು, ಅದರಲ್ಲಿರುವ ಜೈವಿಕ ಪದಾರ್ಥವನ್ನು ಜೀರ್ಣಿಸಲು ಬ್ಯಾಕ್ಟೀರಿಯಗಳಿಗೆ ಬೇಕಾಗುವ ಆಮ್ಲಜನಕದಿಂದ ಅಳೆಯುವುದು ವಾಡಿಕೆ. ಒಬ್ಬ ವ್ಯಕ್ತಿಯ ಒಂದು ದಿನದ ಒಟ್ಟು ಮಲಿನಕ್ಕೆ ಸುಮಾರು 60 ಗ್ರಾಂ ಆಮ್ಲಜನಕ ಬೇಕೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಮನೆಯಲ್ಲಿ ಇದು 150 ಲೀಟರು ನೀರಿನೊಡನೆ ಹೋದರೆ ಪ್ರತಿ ಲೀಟರಿಗೆ 400 ಮಿಲಿಗ್ರಾಂ ಆಯಿತು. ಈ 60 ಗ್ರಾಂನಲ್ಲಿ ಅರ್ಧದಷ್ಟು ಶೌಚದ ಭಾಗವೆಂದಿಟ್ಟುಕೊಳ್ಳೋಣ. ಗಾಲಿಮನೆಯಲ್ಲಿ ಆ 30 ಗ್ರಾಂ ಕೇವಲ 5 ಲೀಟರಿನಲ್ಲಿ ಅಡಕವಾಗಿದ್ದರೆ ಪ್ರತಿ ಲೀಟರಿಗೆ 6000 ಮಿಲಿಗ್ರಾಂ ಆಗುತ್ತದೆ. ಅಂದರೆ ಹದಿನೈದು ಪಟ್ಟು ತೀವ್ರ. ಪೆಟ್ಟಿಗೆಯ ದುರ್ಗಂಧವನ್ನು ತಡೆಯಲು ಹಾಕುವ ದ್ರವಗಳದು ಮತ್ತೊಂದು ತೊಡಕು. ಅವುಗಳಲ್ಲಿ ಕೆಲವು ಫಾರ್ಮಾಲ್ಡಿಹೈಡಿನಂಥ ಜೀವಾಣುನಾಶಕವನ್ನು ಒಳಗೊಂಡಿರುತ್ತವೆ. ಮಲಜಲವನ್ನು ಶುದ್ಧಿಗೊಳಿಸುವ ಕಾರ್ಯ ನಡೆಯುವುದು ಜೀವಾಣುಗಳಿಂದಲೇ ಆದುದರಿಂದ, ದುರ್ಗಂಧವನ್ನು ಕೊಲ್ಲುವ ಔಷಧವು ಶುದ್ಧೀಕರಣವನ್ನೂ ಕೊಲ್ಲುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ಗಮನಿಸಬೇಕು. ತುಂಬಿದ ಒಂದು ಪೆಟ್ಟಿಗೆಯ ಒಟ್ಟು ಭಾರ 120 ಗ್ರಾಂ, ಎಂದರೆ ಇಬ್ಬರ ಒಂದು ದಿನದ ಮಲಿನಕ್ಕೆ ಸಮ. ಸಾವಿರಾರು ಮನೆಗಳ ಮೋರಿ ಸೇರುವ ನಗರದ ಶುದ್ಧೀಕರಣಾಗಾರಕ್ಕೆ ಇದು ಲೆಕ್ಕಕ್ಕೇ ಬಾರದು. ಐದು ಜನರ ಸಂಸಾರಕ್ಕೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಒಂದೇ ಬೆಳಿಗ್ಗೆ ಇಂಥ ಹತ್ತು ಪೆಟ್ಟಿಗೆಗಳನ್ನು ಸುರಿದರೆ, ಇಪ್ಪತ್ತು ಜನರ ಭಾರವು ಔಷಧಸಹಿತವಾಗಿ ಒಮ್ಮೆಗೇ ಬಿದ್ದಂತಾಗುವುದು. ಆದುದರಿಂದ ಹಳ್ಳಿಗಾಡಿನ ಶಿಬಿರತಾಣದ ಒಡೆಯನು ಹೊರಗಿನವರ ಪೆಟ್ಟಿಗೆಗಳನ್ನು ಸ್ವೀಕರಿಸಲು ಹಿಂಜರಿದರೆ ಅದನ್ನು ಬರಿಯ ಲೋಭವೆನ್ನಲಾಗದು.

3. ಸೌಕರ್ಯದ ರಚನೆ

ಸರಿಯಾಗಿ ಏರ್ಪಟ್ಟ ಸೇವಾಸ್ಥಾನದಲ್ಲಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಕುಡಿಯುವ ನೀರಿನ ನಲ್ಲಿ. ಎರಡನೆಯದು ವಾಹನವು ಮೇಲೆ ಬಂದು ನಿಂತು ಬಚ್ಚಲ ನೀರನ್ನು ಬಿಡಬಹುದಾದ, ಇಳಿಜಾರಾದ ನೆಲದ ಮೋರಿ. ಮೂರನೆಯದು ಮಲಜಲವನ್ನು ಸುರಿಯುವ ಕುಂಡ ಮತ್ತು ಅದರ ಬಳಿ ಪೆಟ್ಟಿಗೆಯನ್ನು ತೊಳೆಯಲು ಪ್ರತ್ಯೇಕವಾದ ನಲ್ಲಿ. ಮೊದಲನೆಯ ನಲ್ಲಿಗೂ ಈ ಕೊನೆಯ ನಲ್ಲಿಗೂ ನಡುವೆ ಸಾಕಷ್ಟು ಅಂತರವಿರಬೇಕು, ಫಲಕಗಳೂ ಸ್ಪಷ್ಟವಾಗಿರಬೇಕು. ಮಲದ ಪೆಟ್ಟಿಗೆಯ ಬಾಯಿಗೆ ತಾಗಿದ ಕೊಳವೆಯನ್ನೇ ಮುಂದಿನವನು ತನ್ನ ಕುಡಿಯುವ ನೀರಿನ ತೊಟ್ಟಿಗೆ ಇಳಿಸಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಕೊಳವೆಯ ತುದಿ ಮಲಿನ ನೀರಿನಲ್ಲಿ ಮುಳುಗಿರುವಾಗ ಊರಿನ ನೀರಿನ ಒತ್ತಡ ಹಠಾತ್ತನೆ ಕುಸಿದರೆ, ಆ ಮಲಿನವು ಹಿಮ್ಮುಖವಾಗಿ ಊರಿನ ಕೊಳಾಯಿಯೊಳಕ್ಕೇ ಎಳೆಯಲ್ಪಡಬಹುದು. ಇದನ್ನು ತಡೆಯಲು ಹಿಮ್ಮುಖ ಹರಿವನ್ನು ನಿರೋಧಿಸುವ ಕವಾಟವನ್ನಾಗಲಿ, ನಲ್ಲಿಗೂ ನೀರಿನ ಮಟ್ಟಕ್ಕೂ ನಡುವೆ ಗಾಳಿಯ ಅಂತರವನ್ನಾಗಲಿ ಏರ್ಪಡಿಸಲಾಗುತ್ತದೆ. ಒಂದು ನಲ್ಲಿ, ಒಂದು ಕುಂಡ ಎಂದು ಹಗುರವಾಗಿ ಹೇಳಬಹುದಾದರೂ, ಅದನ್ನು ನಿರ್ಮಿಸುವುದಕ್ಕೂ ನಿತ್ಯವೂ ಶುಚಿಯಾಗಿಡುವುದಕ್ಕೂ ಜ್ಞಾನ, ಹಣ, ಹೊಣೆಗಾರಿಕೆ ಮೂರೂ ಬೇಕು.

4. ಪ್ರವೇಶಕ್ಕಿರುವ ಅಡ್ಡಿಗಳು

ಈ ಸೌಕರ್ಯವು ಶಿಬಿರತಾಣಗಳಲ್ಲಿ ಮಾತ್ರವೇ ಇದ್ದಾಗ ಮೂರು ಬಗೆಯ ಅಡ್ಡಿಗಳು ತಲೆದೋರುತ್ತವೆ. ಶಿಬಿರತಾಣವು ಸಾಮಾನ್ಯವಾಗಿ ಖಾಸಗಿ ಉದ್ಯಮ. ರಾತ್ರಿಯ ಬಾಡಿಗೆ ತೆತ್ತವನಿಗೆ ಮಾತ್ರ ಅದರ ಬಾಗಿಲು ತೆರೆಯುವುದು. ಕೆಲವು ತಾಣಗಳು ಸಂಘದ ಸದಸ್ಯರಿಗೇ ಮೀಸಲು. ಬ್ರಿಟನ್ನಿನಲ್ಲಿ 1907ರಲ್ಲಿ ಸ್ಥಾಪಿತವಾದ ಕ್ಯಾರವಾನ್ ಕ್ಲಬ್ಬು ಮನ್ನಣೆ ನೀಡುವ, ಐದು ವಾಹನಗಳಿಗೆ ಮಾತ್ರ ಅವಕಾಶವಿರುವ ಸಣ್ಣ ತಾಣಗಳು ಇದಕ್ಕೆ ನಿದರ್ಶನ. ಅಲ್ಲಿ ಕುಡಿಯುವ ನೀರೂ ಮಲಜಲದ ಕುಂಡವೂ ಇರುತ್ತವೆ, ಆದರೆ ತಂಗುವ ಅವಕಾಶ ಸದಸ್ಯರಿಗೆ ಮಾತ್ರ. ಮೂರನೆಯ ಅಡ್ಡಿ ಋತುವಿನದು. ಶೀತಪ್ರದೇಶಗಳಲ್ಲಿ ಅನೇಕ ತಾಣಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ತಾಣ ಮುಚ್ಚಿದಾಗ ಕುಂಡವೂ ಮುಚ್ಚುತ್ತದೆ.

ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿ ಈ ಸಮಸ್ಯೆ ಎದ್ದು ಕಂಡಿತು. ಇನ್ವರ್‌ನೆಸ್ ನಗರದಿಂದ ಹೊರಟು ಕರಾವಳಿಯನ್ನು ಬಳಸಿ ಅಲ್ಲಿಗೇ ಮರಳುವ, ಸುಮಾರು 830 ಕಿಲೋಮೀಟರು ಉದ್ದದ ಮಾರ್ಗವನ್ನು 2015ರಲ್ಲಿ ಪ್ರವಾಸಿಗಳಿಗಾಗಿ ಹೆಸರಿಟ್ಟು ಪ್ರಚುರಪಡಿಸಲಾಯಿತು. ಜನವಸತಿ ವಿರಳವಾದ, ಅನೇಕ ಕಡೆ ಒಂದೇ ವಾಹನ ಸಾಗುವಷ್ಟು ಕಿರಿದಾದ ಆ ರಸ್ತೆಗಳಿಗೆ ಗಾಲಿಮನೆಗಳು ಬಹುಸಂಖ್ಯೆಯಲ್ಲಿ ಬಂದುವು. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯಿದೆಯು ಜನರಿಗೆ ಬಯಲಿನಲ್ಲಿ ಸಂಚರಿಸುವ, ಡೇರೆ ಹಾಕುವ ಹಕ್ಕನ್ನು ಕೊಟ್ಟಿದೆಯಾದರೂ ಮೋಟಾರು ವಾಹನಗಳಿಗೆ ಆ ಹಕ್ಕು ಅನ್ವಯಿಸುವುದಿಲ್ಲ. ಹೀಗಾಗಿ ವಾಹನಗಳು ರಸ್ತೆಯ ಬದಿಯ ತಂಗುಜಾಗಗಳಲ್ಲಿ ನಿಂತುವು; ಅಲ್ಲಿ ಮಲಜಲ ಸುರಿದಿರುವರೆಂಬ ದೂರುಗಳೂ ಹುಟ್ಟಿದುವು. ಗ್ರಾಮಾಂತರ ಪ್ರವಾಸ ಸೌಕರ್ಯಕ್ಕಾಗಿ ಅಲ್ಲಿನ ಸರ್ಕಾರವು 2018ರಲ್ಲಿ ಆರಂಭಿಸಿದ ನಿಧಿಯ ನೆರವು ಪಡೆದ ಕೆಲಸಗಳಲ್ಲಿ ಗಾಲಿಮನೆಗಳ ಮಲಜಲ ಸ್ಥಾನಗಳೂ ಸೇರಿವೆ. ಮಾರ್ಗದ ಪ್ರಚಾರ ಮೊದಲು, ಕುಂಡ ಆಮೇಲೆ ಎಂಬ ಈ ಕ್ರಮವು ಎಚ್ಚರಿಕೆಗೆ ಯೋಗ್ಯವಾದುದು.

5. ನ್ಯೂಜಿಲೆಂಡಿನ ಕಾಯಿದೆ

ಇದೇ ಪ್ರಶ್ನೆಯನ್ನು ಕಾಯಿದೆಯ ಮೂಲಕ ಎದುರಿಸಿದ ದೇಶ ನ್ಯೂಜಿಲೆಂಡು. ಅಲ್ಲಿ ಗಾಲಿಮನೆಯವರ ಸಂಘವು 1956ರಷ್ಟು ಹಿಂದೆಯೇ ಸ್ಥಾಪಿತವಾಗಿತ್ತು. ವಾಹನಗಳ ಸ್ವಯಂಪೂರ್ಣತೆಯನ್ನು ಕುರಿತು 2001ರ ರಾಷ್ಟ್ರೀಯ ಮಾನಕವು, ವಾಹನದ ನಿವಾಸಿಗಳು ಹೊರಗಿನಿಂದ ನೀರನ್ನು ಪಡೆಯದೆ, ಮಲಿನವನ್ನು ಹೊರಕ್ಕೆ ಬಿಡದೆ, ಕನಿಷ್ಠ ಮೂರು ದಿನ ಇರಬಲ್ಲವರಾಗಬೇಕೆಂದು ವಿಧಿಸಿತು. ಪ್ರತಿ ವ್ಯಕ್ತಿಗೆ ದಿನಕ್ಕೆ 4 ಲೀಟರು ಶುದ್ಧಜಲ ಎಂಬುದು ಅದರ ಕನಿಷ್ಠ ಅಳತೆ. ರಗ್ಬಿ ಪಂದ್ಯದ ವಿಶ್ವಸ್ಪರ್ಧೆಗೆ ವಿದೇಶೀಯರು ಬರಲಿದ್ದ 2011ರಲ್ಲಿ, ಶಿಬಿರತಾಣದ ಹೊರಗೆ ತಂಗುವುದನ್ನು ಕುರಿತ ಕಾಯಿದೆ ಜಾರಿಗೆ ಬಂದಿತು. ಸ್ಥಳೀಯ ಸಂಸ್ಥೆಗಳು ಉಪವಿಧಿಗಳ ಮೂಲಕ ಕೆಲವು ಸ್ಥಳಗಳಲ್ಲಿ ತಂಗುವುದನ್ನು ನಿಷೇಧಿಸಬಹುದು, ಕೆಲವೆಡೆ ನಿರ್ಬಂಧಿಸಬಹುದು. ಆದರೆ ತಮ್ಮ ಇಡೀ ಪ್ರದೇಶದಲ್ಲಿ ನಿಷೇಧಿಸುವಂತಿಲ್ಲ. 2023ರ ಕಾಯಿದೆಯು ಇನ್ನೂ ಮುಂದೆ ಹೋಗಿ, ಸ್ವಯಂಪೂರ್ಣವೆಂಬ ಪ್ರಮಾಣಪತ್ರಕ್ಕೆ ವಾಹನದಲ್ಲಿ ಸ್ಥಿರವಾಗಿ ಜೋಡಿಸಿದ ಶೌಚಪೀಠ ಇರಲೇಬೇಕೆಂದಿತು.

ಇಲ್ಲಿ ಸ್ವಯಂಪೂರ್ಣವೆಂಬ ಶಬ್ದವನ್ನು ಪರಿಶೀಲಿಸುವುದು ಅವಶ್ಯ. ಮೂರು ದಿನಗಳ ಮಲಿನವನ್ನು ಹೊತ್ತಿರುವ ವಾಹನವು ನಾಲ್ಕನೆಯ ದಿನ ಅದನ್ನು ಎಲ್ಲಿಯಾದರೂ ಇಳಿಸಲೇಬೇಕಷ್ಟೆ. ಆದುದರಿಂದ ಈ ಸ್ವಯಂಪೂರ್ಣತೆ ಎಂಬುದು ಪರಾವಲಂಬನೆಯ ಅಭಾವವಲ್ಲ, ಅದರ ಮುಂದೂಡಿಕೆ ಮಾತ್ರ. ಹೊತ್ತುಕೊಂಡು ಹೋಗು ಎಂದು ಪ್ರವಾಸಿಗೆ ವಿಧಿಸುವ ಕಾಯಿದೆಯು, ಇಳಿಸುವ ಸ್ಥಳವನ್ನು ಮೂರು ದಿನದ ಹಾದಿಯೊಳಗೆ ಒದಗಿಸುವ ಹೊಣೆಯನ್ನು ಸಮಾಜದ ಮೇಲೆ ತಾನಾಗಿ ಹೊರಿಸುತ್ತದೆ. ನ್ಯೂಜಿಲೆಂಡಿನ ಅನೇಕ ಊರುಗಳಲ್ಲಿ ಸ್ಥಳೀಯ ಸಂಸ್ಥೆಗಳು, ಕೆಲವೆಡೆ ಮೇಲ್ಕಂಡ ಸಂಘದ ಸಹಾಯದಿಂದ, ಸಾರ್ವಜನಿಕ ವಿಸರ್ಜನಾ ಸ್ಥಾನಗಳನ್ನು ಏರ್ಪಡಿಸಿವೆ. ಅಲ್ಲಿ ರಾತ್ರಿ ತಂಗದೆಯೂ ಮಲಿನವನ್ನು ಬಿಡಬಹುದು. ತಂಗುವ ಹಕ್ಕು ಬೇರೆ, ಮಲಿನವನ್ನು ಒಪ್ಪಿಸುವ ಹಕ್ಕು ಬೇರೆ ಎಂಬ ವಿವೇಕ ಈ ವ್ಯವಸ್ಥೆಯ ಮೂಲದಲ್ಲಿದೆ.

6. ವೆಚ್ಚವನ್ನು ಹೊರತಕ್ಕವರು ಯಾರು?

ತಂಗುವ ಬಾಡಿಗೆಯಿಂದ ಈ ಸೌಕರ್ಯವನ್ನು ಬೇರ್ಪಡಿಸಿದರೆ ಅದರ ವೆಚ್ಚವನ್ನು ಯಾರು ಕೊಡಬೇಕು? ಎರಡು ಮಾರ್ಗಗಳು ಬಳಕೆಯಲ್ಲಿವೆ. ಫ್ರಾನ್ಸಿನಲ್ಲಿ ಅನೇಕ ಸಣ್ಣ ಊರುಗಳ ಪುರಸಭೆಗಳೇ ಸೇವಾಸ್ಥಾನಗಳನ್ನು ನಡೆಸುತ್ತವೆ. ಕೆಲವೆಡೆ ಅವು ಉಚಿತ. ಕೆಲವೆಡೆ ಊರಿನ ಅಂಗಡಿಯಲ್ಲಿಯೋ ಪುರಭವನದಲ್ಲಿಯೋ ಬಿಲ್ಲೆಯೊಂದನ್ನು ಕೊಂಡು ಯಂತ್ರಕ್ಕೆ ಹಾಕಿದರೆ ನೀರು ಬರುತ್ತದೆ. ಬಿಲ್ಲೆಗಾಗಿ ಅಂಗಡಿಗೆ ಹೋದವನು ರೊಟ್ಟಿಯನ್ನೂ ಕೊಳ್ಳುವನೆಂಬ ವ್ಯವಹಾರಜ್ಞಾನವೂ ಇದರಲ್ಲಿ ಅಡಗಿದೆ. ಎರಡನೆಯದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಮಾರ್ಗ. ಅಲ್ಲಿ ಗಾಲಿಮನೆಯ ನೋಂದಣಿಯ ಸಂಗಡ 3 ಡಾಲರುಗಳ ಸಣ್ಣ ಶುಲ್ಕವನ್ನು ವಸೂಲು ಮಾಡಿ, ಹೆದ್ದಾರಿಯ ವಿಶ್ರಾಂತಿ ಸ್ಥಳಗಳಲ್ಲಿನ ಮಲಜಲ ಸ್ಥಾನಗಳಿಗಾಗಿ ವಿನಿಯೋಗಿಸುತ್ತಾರೆ.

ಈ ಎರಡರ ತಾರತಮ್ಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೀರಿಗೆ ಬೆಲೆ ಕಟ್ಟಿದರೆ ಅದು ಮಿತವ್ಯಯಕ್ಕೆ ಸಾಧಕ. ಮಲಿನವನ್ನು ಒಪ್ಪಿಸುವಾಗಲೇ ಬೆಲೆ ಕೇಳಿದರೆ, ಆ ಬೆಲೆಯನ್ನು ಉಳಿಸಲು ಕತ್ತಲಲ್ಲಿ ಹಳ್ಳದ ದಡವನ್ನು ಹುಡುಕುವವನೊಬ್ಬ ಇದ್ದೇ ಇರುತ್ತಾನೆ. ಅವನು ಉಳಿಸಿದ ಅಲ್ಪ ಹಣದ ಬದಲಿಗೆ ಹಳ್ಳದ ಕೆಳಗಿನ ಊರು ತೆರುವ ದಂಡ ಅಪಾರ. ಆದುದರಿಂದ ವಿಸರ್ಜನೆಯ ವೆಚ್ಚವನ್ನು ಮುಂಚಿತವಾಗಿ, ಎಲ್ಲರಿಂದಲೂ ಸಂಗ್ರಹಿಸಿ, ಬಳಕೆಯ ಕ್ಷಣದಲ್ಲಿ ಉಚಿತವಾಗಿಡುವುದೇ ಯುಕ್ತವೆಂದು ನಮಗೆ ತೋರುತ್ತದೆ.

7. ಉಪಸಂಹಾರ

ಈ ಚರ್ಚೆಯಿಂದ ಮೂರು ನಿರ್ಣಯಗಳು ಫಲಿಸುತ್ತವೆ. ಮೊದಲನೆಯದಾಗಿ, ಮಲಜಲ ಸ್ಥಾನಗಳನ್ನು ಸಾಧ್ಯವಾದಷ್ಟೂ ಊರಿನ ದೊಡ್ಡ ಶುದ್ಧೀಕರಣಾಗಾರಗಳಿಗೆ ಸೇರಿದ ಮೋರಿಗಳ ಮೇಲೆಯೇ ನಿರ್ಮಿಸಬೇಕು. ಸಣ್ಣ ತಾಣಗಳ ಸೆಪ್ಟಿಕ್ ಟ್ಯಾಂಕುಗಳ ಮೇಲೆ ಸಾರ್ವಜನಿಕ ಭಾರವನ್ನು ಹೊರಿಸಬಾರದು. ಎರಡನೆಯದಾಗಿ, ಸೌಕರ್ಯವು ತಂಗುವ ಬಾಡಿಗೆಗೆ ಅಧೀನವಾಗಿರಬಾರದು. ಮೂರನೆಯದಾಗಿ, ಮಾರ್ಗವನ್ನು ಪ್ರಚುರಪಡಿಸುವ ಮೊದಲೇ ಕುಂಡವನ್ನು ಕಟ್ಟಬೇಕು.

ಇದು ದೂರದೇಶಗಳ ಮಾತೆಂದು ನಾವು ಉದಾಸೀನರಾಗುವಂತಿಲ್ಲ. ನೆರೆಯ ಕೇರಳವು 2021ರಲ್ಲಿ ಗಾಲಿಮನೆಗಳ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಮರುವರ್ಷ ವಾಗಮನ್ ಬೆಟ್ಟದಲ್ಲಿ ಅಲ್ಲಿನ ಮೊದಲ ಶಿಬಿರತಾಣ ತೆರೆಯಿತು. ಅದೇ ಪಶ್ಚಿಮಘಟ್ಟದ ಮುಂದುವರಿಕೆಯಾದ ಕೊಡಗು, ಚಿಕ್ಕಮಗಳೂರುಗಳ ಬೆಟ್ಟಗಳಲ್ಲಿ ಕಾವೇರಿ, ತುಂಗಭದ್ರೆಗಳು ಹುಟ್ಟುತ್ತವೆ. ಅಲ್ಲಿ ಒಂದು ತೊರೆಗೆ ಸುರಿದದ್ದು ಬಯಲುಸೀಮೆಯ ಕೊಡಕ್ಕೆ ಬರುವುದು. ದಾರಿಹೋಕನಿಗೆ ನೀರು ಕೊಡುವುದು ಆತಿಥ್ಯದ ಅರ್ಧ. ಅವನ ಕೊಳೆಯನ್ನು ಸುರಕ್ಷಿತವಾಗಿ ಇಳಿಸಿಕೊಳ್ಳುವುದು ಉಳಿದರ್ಧ. ಮೊದಲನೆಯದಕ್ಕೆ ನಮ್ಮ ಹಿರಿಯರು ಅರವಟ್ಟಿಗೆಗಳನ್ನಿಟ್ಟರು. ಎರಡನೆಯದನ್ನು ಏರ್ಪಡಿಸುವ ಕರ್ತವ್ಯ ನಮ್ಮ ಪಾಲಿಗೆ ಬಂದಿದೆ.