ಮಕ್ಕಳೂ ಸೋಲೂ



ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದ ದಿನ ನಮ್ಮ ಮನೆಗಳಲ್ಲಿ ನಡೆಯುವ ವಿಚಾರಣೆಯನ್ನು ತಾವೆಲ್ಲರೂ ಬಲ್ಲಿರಿ. ಮಗನು ಪಡೆದ ಅಂಕಗಳನ್ನು ಕೇಳಿದ ಬೆನ್ನಲ್ಲೇ ಪಕ್ಕದ ಮನೆಯ ಹುಡುಗನು ಪಡೆದ ಅಂಕಗಳ ಪ್ರಶ್ನೆಯು ಬರುತ್ತದೆ. ಸ್ಪರ್ಧೆಯೇ ಕೆಟ್ಟದ್ದೆಂದು ನಾನು ಹೇಳಲಾರೆ. ಜೊತೆಗೆ ಓಡುವವನಿದ್ದರೆ ಕಾಲು ಚುರುಕಾಗುತ್ತದೆ. ಸೋತೊಡನೆ ತನ್ನ ಬೆಲೆಯೇ ಇಳಿದುಹೋಯಿತೆಂದು ಮಗುವು ತಿಳಿಯುವುದರಲ್ಲಿ ಕೆಡುಕಿದೆ. ಈ ತಿಳಿವಳಿಕೆಯನ್ನು ಕೊಡುವವರು ಬಹುಮಟ್ಟಿಗೆ ನಾವೇ. ಬೈಗುಳದಿಂದ ಮಾತ್ರವಲ್ಲ, ಹೊಗಳಿಕೆಯಿಂದಲೂ.

ಇದು ವಿಚಿತ್ರವಾಗಿ ತೋರಬಹುದು. ಅಮೆರಿಕಾ ದೇಶದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು ತಮ್ಮ ಪ್ರಯೋಗಗಳನ್ನು 1998ರಲ್ಲಿ ಪ್ರಕಟಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಬಿಡಿಸಬಹುದಾದ ಸಮಸ್ಯೆಗಳನ್ನು ಕೊಟ್ಟು, ಕೆಲವರನ್ನು ಜಾಣರೆಂದೂ, ಕೆಲವರನ್ನು ಚೆನ್ನಾಗಿ ಶ್ರಮಪಟ್ಟರೆಂದೂ ಹೊಗಳಲಾಯಿತು. ಬಳಿಕ ಕೊಟ್ಟ ಕಠಿಣ ಸಮಸ್ಯೆಗಳಲ್ಲಿ ಎಲ್ಲರೂ ಎಡವಿದರು. ಜಾಣರೆನಿಸಿಕೊಂಡವರು ಬೇಗನೆ ಉತ್ಸಾಹಗುಂದಿದರು. ತಮ್ಮ ಅಂಕಗಳನ್ನು ಬೇರೆ ಮಕ್ಕಳಿಗೆ ತಿಳಿಸುವಾಗ ಏರಿಸಿ ಹೇಳಿದವರೂ ಅವರಲ್ಲಿಯೇ ಹೆಚ್ಚು. ಮುಂದಿನ ಸಂಶೋಧನೆಗಳೆಲ್ಲವೂ ಇಷ್ಟು ಸ್ಪಷ್ಟವಾದ ಫಲವನ್ನು ಕೊಟ್ಟಿಲ್ಲವಾದರೂ, ಆ ಮಕ್ಕಳ ಸುಳ್ಳು ತಂದೆತಾಯಿಗಳು ಯೋಚಿಸತಕ್ಕ ಸಂಗತಿ. ಜಾಣನೆಂಬ ಬಿರುದನ್ನು ಪಡೆದವನಿಗೆ ಅದನ್ನು ಕಾಯುವ ಚಿಂತೆಯೂ ಅಂಟಿಕೊಳ್ಳುತ್ತದೆ.

ಸೋಲಿನ ಅಭ್ಯಾಸಕ್ಕೆ ನಮ್ಮ ಮನೆಗಳಲ್ಲಿಯೇ ಒಂದು ಸಾಧನವಿದೆ, ಅದು ಚೌಕಾಬಾರ. ಇನ್ನೇನು ಹಣ್ಣಾಗಬೇಕೆನ್ನುವ ಕಾಯನ್ನು ಎದುರಾಳಿಯು ಹೊಡೆದರೆ ಅದು ಹೊರಟ ಮನೆಗೇ ಹಿಂದಿರುಗಬೇಕು. ಮೊಮ್ಮಗನು ಅಳುವನೆಂದು ಅಜ್ಜಿಯು ಬೇಕೆಂದೇ ಸೋಲುವುದುಂಟು. ಅಕ್ಕರೆಯೇನೋ ಸರಿ, ಆದರೆ ಇಂಥ ಗೆಲುವನ್ನು ಶಾಲೆಯ ಅಂಗಳದಲ್ಲಿ ಅವನಿಗೆ ಯಾರೂ ಕೊಡರು. ಅವನು ಮುನಿದು ಕವಡೆಗಳನ್ನು ಎಸೆದರೆ, ಗದರಿಸದೆ, ಅವನಿಂದಲೇ ಅವನ್ನು ಆಯಿಸಿ ಆಟವನ್ನು ಮುಂದುವರಿಸುವುದು ಮೇಲು.

ನಪಾಸಾದ ಹುಡುಗನಿಗೆ, ಶ್ರೀನಿವಾಸ ರಾಮಾನುಜನ್ನರೂ ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿದ್ದರೆಂದು ಸಮಾಧಾನ ಹೇಳುವ ವಾಡಿಕೆಯಿದೆ. ನನಗಿದು ರುಚಿಸದು. ಪಕ್ಕದ ಮನೆಯವನೊಡನೆ ಹೋಲಿಸುತ್ತಿದ್ದುದು ಸಾಲದೆಂದು ಈಗ ಮಹಾಗಣಿತಜ್ಞನೊಡನೆ ಹೋಲಿಸಿದಂತಾಯಿತು! ಅವನಿಗೆ ಬೇಕಾದುದು ತನ್ನದೇ ಉತ್ತರಪತ್ರಿಕೆ. ಅದರ ನಕಲನ್ನು ತರಿಸಿಕೊಳ್ಳುವ ಅವಕಾಶವುಂಟು. ಕರ್ನಾಟಕದಲ್ಲಿ ಅದೇ ವರ್ಷ ಮತ್ತೆ ಪರೀಕ್ಷೆಯನ್ನು ಬರೆಯುವ ಏರ್ಪಾಟೂ ಇದೆ.

ಫಲಿತಾಂಶದ ದಿನ ರಾತ್ರಿಯ ಊಟವು ಎಂದಿನಂತೆಯೇ ನಡೆಯಲಿ; ಅಂಕಗಳ ಮಾತು ಬೇಡ. ಹುಡುಗನು ದಿನಗಟ್ಟಲೆ ಉಣ್ಣದೆ, ನಿದ್ರಿಸದೆ, ತಾನಿದ್ದು ಪ್ರಯೋಜನವಿಲ್ಲವೆಂದು ನುಡಿದರೆ ಅದನ್ನು ಹಟವೆಂದು ತಿಳಿಯದೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಳಿದವರು ನಕಲು ಕೈಸೇರಿದ ಬಳಿಕ ಮಗನ ಪಕ್ಕದಲ್ಲಿ ಕುಳಿತು ನೋಡಬಹುದು: ಲೆಕ್ಕದ ಕ್ರಮವು ತಿಳಿಯದೆಹೋಯಿತೇ, ಅಥವಾ ತಿಳಿದೂ ಹೊತ್ತು ಸಾಲದೆ ಕೊನೆಯ ಪ್ರಶ್ನೆಗಳು ಉಳಿದುವೇ?