ಹಾರ್ಡ್ ಡಿಸ್ಕ್ ತಾನೇ ಬರೆದಿಡುವ ರಿಜಿಸ್ಟರನ್ನು ಓದುವುದು ಹೇಗೆ?



ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ನಮ್ಮ ಕೆಲಸ ಬಹುತೇಕ ಶಾಖೆಗಳಲ್ಲಿ ಮುಗಿಯುತ್ತ ಬಂದಿದೆ. ಠರಾವು ಪುಸ್ತಕಗಳು, 1956ರ ನಂತರ ಆಯಾ ಸರಕಾರಗಳಿಗೆ ಕೊಟ್ಟ ಮನವಿಗಳ ಕಾರ್ಬನ್ ಪ್ರತಿಗಳು, ಈಗ ಮುಚ್ಚಿಹೋಗಿರುವ ಕನ್ನಡ ಶಾಲೆಗಳ ಗುಂಪು ಫೋಟೋಗಳು, ನಾಟಕದ ಮತ್ತು ತಾಳಮದ್ದಳೆಯ ಕ್ಯಾಸೆಟ್ಟುಗಳು ಎಲ್ಲವೂ ಅಂಗೈ ಅಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳಿಗೆ ಸೇರಿವೆ. ಕೆಲವು ಕಡೆ ಮೂಲ ಕಾಗದ ಗೆದ್ದಲು ಹಿಡಿದು ಹೋಗಿದೆ, ಕ್ಯಾಸೆಟ್ಟಿಗೆ ಬೂಸ್ಟು ಬಂದಿದೆ. ಅಂಥ ಕಡೆ ಡಿಸ್ಕಿನಲ್ಲಿರುವುದೇ ಏಕೈಕ ಪ್ರತಿ.

ಈ ಡಿಸ್ಕು ಸರಿಯಾಗಿದೆಯೇ ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: "ಕಂಪ್ಯೂಟರಿಗೆ ಚುಚ್ಚಿ ನೋಡಿದೆವು, ಫೋಲ್ಡರ್ ತೆರೆಯಿತು." ಇದು ಸಾಲದು. ಫೋಲ್ಡರ್ ತೆರೆದಾಗ ಡಿಸ್ಕಿನ ಒಂದು ಮೂಲೆಯನ್ನು ಮಾತ್ರ ಓದಿದಂತಾಯಿತು. ಉಳಿದ ಭಾಗವನ್ನು ಮೂರು ವರ್ಷದಿಂದ ಯಾರೂ ಮುಟ್ಟಿಲ್ಲದಿರಬಹುದು. ಆದರೆ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಿ ತೋರಿಸುವ ಉಚಿತ ಸಾಧನವೊಂದಿದೆ, ಹೆಸರು ಸ್ಮಾರ್ಟ್‌ಸಿಟಿಎಲ್. ಚಿತ್ರ, ಬಟನ್ನು ಯಾವುದೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೇ. ಹಳೆಯ ಟೆಲಿಪ್ರಿಂಟರ್ ನೋಡಿದವರಿಗೆ ಇದು ಹೊಸದೇನಲ್ಲ.

ಇದನ್ನು ಕಟ್ಟಿದವರು ಬ್ರೂಸ್ ಆಲೆನ್ ಎಂಬ ಭೌತವಿಜ್ಞಾನಿ. ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕೀ ವಿಶ್ವವಿದ್ಯಾಲಯದಲ್ಲಿ ಗುರುತ್ವ ಅಲೆಗಳ ಲೆಕ್ಕಕ್ಕೆ ಸಾಲು ಸಾಲು ಕಂಪ್ಯೂಟರು ಇಟ್ಟುಕೊಂಡಿದ್ದವರು. ಅಷ್ಟು ಡಿಸ್ಕುಗಳಲ್ಲಿ ಯಾವುದು ಯಾವಾಗ ಕೈಕೊಡುತ್ತದೆ ಎಂದು ಮೊದಲೇ ತಿಳಿಯಬೇಕಾಗಿತ್ತು. ಅದಕ್ಕಾಗಿ ಹಿಂದಿನವರೊಬ್ಬರ ಕೆಲಸದ ಮೇಲೆ 2002ರಲ್ಲಿ ಈ ಸಾಧನವನ್ನು ಬೆಳೆಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಅವರಿಗಿದ್ದ ಅಗತ್ಯವೇ ನಮಗೂ ಇದೆ, ಡಿಸ್ಕುಗಳ ಸಂಖ್ಯೆ ಮಾತ್ರ ಕಡಿಮೆ.

ಮೊದಲು ಒಂದು ಸೂಚನೆ. ಆದೇಶಗಳನ್ನು ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಹೊಡೆಯಬೇಕು. ಇಲ್ಲಿ ನಾನು ಅಕ್ಷರಗಳ ಹೆಸರನ್ನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದ್ದೇನೆ. ಸಣ್ಣದು ದೊಡ್ಡದು ಅದಲುಬದಲಾದರೆ ಈ ಸಾಧನ ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ.

ಉಬುಂಟು ಅಥವಾ ಅದರ ಬಳಗದ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಕೆಲಸ ಸಲೀಸು. ಕಾಸರಗೋಡು, ವಯನಾಡಿನ ಸದಸ್ಯರಿಗೆ ಒಂದು ಅನುಕೂಲವಿದೆ: ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಮನೆಯ ಹೈಸ್ಕೂಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವಿಂಡೋಸ್ ಇರುವವರು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಅದೇ ಕಟ್ಟನ್ನು ವಿಂಡೋಸಿಗಾಗಿಯೇ ಇಳಿಸಿಕೊಂಡು, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಆದೇಶಗಳು ಹೆಚ್ಚುಕಡಿಮೆ ಇವೇ, ಮುಂದೆ ಬರುವ "ಸುಡೊ" ಎಂಬ ಪದ ಮಾತ್ರ ಬೇಡ.

ಲಿನಕ್ಸಿನಲ್ಲಿ ಟರ್ಮಿನಲ್ ತೆರೆದು ಮೊದಲು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರ ಹೊಡೆದು ಎಂಟರ್ ಒತ್ತಿ. ಕಂಪ್ಯೂಟರಿಗೆ ಜೋಡಿಸಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಸಾಮಾನ್ಯವಾಗಿ ಒಳಗಿನದು ಎಸ್‌ಡಿಎ, ಹೊರಗಿನಿಂದ ಚುಚ್ಚಿದ್ದು ಎಸ್‌ಡಿಬಿ. ಹೊಸ ಲ್ಯಾಪ್‌ಟಾಪಾದರೆ ಒಳಗಿನದರ ಹೆಸರು ಎನ್‌ವಿಎಂಇ ಎಂದು ಶುರುವಾಗುತ್ತದೆ. ಯಾವುದು ನಿಮ್ಮದೆಂದು ಗಾತ್ರ ನೋಡಿ ಗುರುತಿಸಿ. 1 ಟಿಬಿ ಎಂದು ಕೊಂಡ ಡಿಸ್ಕು ಇಲ್ಲಿ 931.5 ಜಿ ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಈ ಪಟ್ಟಿ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆದರೆ ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ "2 ಟಿಬಿ" ಪೆನ್‌ಡ್ರೈವು ಇಲ್ಲಿ ಎರಡು ಟಿಬಿ ಎಂದೇ ತೋರಿಸಿದರೂ ನಂಬಬೇಡಿ. ಪಟ್ಟಿಯಲ್ಲಿ ಬರುವುದು ಆ ಸಾಧನ ತನ್ನ ಬಗ್ಗೆ ತಾನು ಹೇಳಿಕೊಂಡದ್ದು, ಯಾರೂ ಅಳೆದು ನೋಡಿದ್ದಲ್ಲ.

ಈಗ ಸಾಧನವನ್ನು ಹಾಕಿಕೊಳ್ಳಬೇಕು. ಸುಡೊ, ಸ್ಪೇಸ್, ಎಪಿಟಿ, ಸ್ಪೇಸ್, ಇನ್‌ಸ್ಟಾಲ್, ಸ್ಪೇಸ್, ಸ್ಮಾರ್ಟ್‌ಮಾನ್‌ಟೂಲ್ಸ್. ಸುಡೊ ಎಂದರೆ ಎಸ್, ಯು, ಡಿ, ಒ. ಯಜಮಾನನ ಅಧಿಕಾರದಿಂದ ಮಾಡು ಎಂದರ್ಥ. ಪಾಸ್‌ವರ್ಡ್ ಕೇಳುತ್ತದೆ. ಹೊಡೆಯುವಾಗ ಪರದೆಯ ಮೇಲೆ ಚುಕ್ಕಿಯೂ ಕಾಣುವುದಿಲ್ಲ, ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹೊಡೆದು ಎಂಟರ್ ಒತ್ತಿ. ಇಲ್ಲೇ ಒಂದು ಎಚ್ಚರಿಕೆ: ಸುಡೊ ಹಾಕಿ ಹೊಡೆದ ಯಾವ ಆದೇಶವನ್ನೂ ಕಂಪ್ಯೂಟರು ಮರುಮಾತಿಲ್ಲದೆ ನಡೆಸಿಬಿಡುತ್ತದೆ. ಈ ಲೇಖನದ ಆದೇಶಗಳು ಡಿಸ್ಕಿನಲ್ಲಿರುವ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಬೇರೆ ಯಾವುದನ್ನೂ ಸುಡೊ ಜೊತೆಗೆ ಹೊಡೆಯಬೇಡಿ.

ಮೊದಲು ಡಿಸ್ಕಿನ ಜಾತಕ. ಸುಡೊ, ಸ್ಪೇಸ್, ಸ್ಮಾರ್ಟ್‌ಸಿಟಿಎಲ್ (ಎಸ್, ಎಂ, ಎ, ಆರ್, ಟಿ, ಸಿ, ಟಿ, ಎಲ್), ಸ್ಪೇಸ್, ಅಡ್ಡಗೆರೆ, ಐ, ಸ್ಪೇಸ್, ಓರೆಗೆರೆ, ಡಿಇವಿ, ಓರೆಗೆರೆ, ಎಸ್‌ಡಿಬಿ. ತಯಾರಕರ ಮಾದರಿ, ಸೀರಿಯಲ್ ಸಂಖ್ಯೆ, ಗಾತ್ರ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರುತ್ತದೆ. ಸುತ್ತಿನ ಜಾಗದಲ್ಲಿ 5400 ಎಂದಿದ್ದರೆ ತಿರುಗುವ ತಟ್ಟೆಯ ಡಿಸ್ಕು. ಸಾಲಿಡ್ ಸ್ಟೇಟ್ ಎಂದಿದ್ದರೆ ಎಸ್‌ಎಸ್‌ಡಿ. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳು ಯುಎಸ್‌ಬಿ ಮೂಲಕ ಉತ್ತರ ಕೊಡದೆ ದೋಷದ ಸಾಲು ತೋರಿಸುತ್ತವೆ. ಆಗ ಡಿಸ್ಕಿನ ಹೆಸರಿನ ಹಿಂದೆ ಅಡ್ಡಗೆರೆ, ಡಿ, ಸ್ಪೇಸ್, ಎಸ್‌ಎಟಿ ಎಂದು ಸೇರಿಸಿ ನೋಡಿ, ಬಹಳ ಸಲ ಬಾಯಿ ಬಿಡುತ್ತದೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕವೇ ಇರುವುದಿಲ್ಲ. ಪೆನ್‌ಡ್ರೈವಿನಲ್ಲಿ ದಾಖಲೆ ಇಡಬೇಡಿ ಎಂದು ನಾನು ಹೇಳುತ್ತಿರುವುದಕ್ಕೆ ಅದೂ ಒಂದು ಕಾರಣ.

ಸೀರಿಯಲ್ ಸಂಖ್ಯೆಯನ್ನು ದಯವಿಟ್ಟು ಶಾಖೆಯ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಿ. ಮೂವತ್ತು ವರ್ಷ ಆ ರಿಜಿಸ್ಟರು ಬರೆದವನು ನಾನು. "ಕಪ್ಪು ಡಿಸ್ಕು ಒಂದು" ಎಂದು ಬರೆದರೆ ನಾಳೆ ಯಾವ ಕಪ್ಪು ಡಿಸ್ಕು ಎಂದು ಯಾರೂ ಹೇಳಲಾರರು.

ಮುಂದಿನದು, ಐ ಅಕ್ಷರದ ಜಾಗದಲ್ಲಿ ದೊಡ್ಡ ಎಚ್. ಒಂದೇ ಪದದ ಉತ್ತರ ಬರುತ್ತದೆ: ಪಾಸ್ಡ್ ಅಥವಾ ಫೇಲ್ಡ್. ಫೇಲ್ಡ್ ಬಂದರೆ ಇವತ್ತೇ ಪ್ರತಿ ತೆಗೆಯಲು ಕುಳಿತುಕೊಳ್ಳಿ. ಪಾಸ್ಡ್ ಬಂದರೆ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಪಾಸಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುವವರು ತಯಾರಕರು, ಅವರು ಅದನ್ನು ಬಹಳ ಕೆಳಗೆ ಎಳೆದಿರುತ್ತಾರೆ. ನೂರಾರು ಜಾಗ ಹಾಳಾದ ಡಿಸ್ಕು ಕೂಡ ಪಾಸ್ಡ್ ಎಂದೇ ಹೇಳುವುದುಂಟು.

ಆದ್ದರಿಂದ ದೊಡ್ಡ ಎ. ಇದೇ ನಿಜವಾದ ರಿಜಿಸ್ಟರು. ಹತ್ತಿಪ್ಪತ್ತು ಸಾಲಿನ ಕೋಷ್ಟಕ ಬರುತ್ತದೆ. ಪ್ರತಿ ಸಾಲಿಗೆ ಎಡಗಡೆ ಒಂದು ಸಂಖ್ಯೆ, ಮಧ್ಯದಲ್ಲಿ ವ್ಯಾಲ್ಯೂ, ವರ್ಸ್ಟ್, ಥ್ರೆಶ್ ಎಂಬ ಮೂರು ಕಾಲಂ, ಬಲಗಡೆ ಕೊನೆಯಲ್ಲಿ ರಾ ವ್ಯಾಲ್ಯೂ. ಮಧ್ಯದ ಮೂರನ್ನು ಅಂಕಪಟ್ಟಿಯಂತೆ ತಿಳಿಯಿರಿ. ವ್ಯಾಲ್ಯೂ ಎಂದರೆ ಈಗಿನ ಅಂಕ, ವರ್ಸ್ಟ್ ಎಂದರೆ ಈವರೆಗಿನ ಅತಿ ಕಡಿಮೆ ಅಂಕ, ಥ್ರೆಶ್ ಎಂದರೆ ಪಾಸಾಗುವ ಗೆರೆ. ಇಲ್ಲಿ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಕೊನೆಯ ಕಾಲಂ ನಿಜವಾದ ಎಣಿಕೆ. ನಾವು ಎಡಗಡೆಯ ಸಂಖ್ಯೆ ಹಿಡಿದು ಕೆಲವೇ ಸಾಲುಗಳ ಕೊನೆಯ ಕಾಲಂ ನೋಡಿದರೆ ಸಾಕು.

ಅದಕ್ಕೆ ಮುಂಚೆ ಡಿಸ್ಕಿನ ಒಳಗೆ ನಡೆಯುವುದು ತಿಳಿದಿರಲಿ. ಡಿಸ್ಕನ್ನು ಸೆಕ್ಟರು ಎಂಬ ಸಣ್ಣ ಸಣ್ಣ ಮನೆಗಳಾಗಿ ಹಂಚಲಾಗಿದೆ. ಲೆಡ್ಜರಿನ ಪುಟಗಳೆನ್ನಿ. ಒಂದು ಪುಟ ಓದಲು ಆಗದಿದ್ದರೆ ಡಿಸ್ಕು ಅದನ್ನು "ಸಂಶಯಾಸ್ಪದ" ಎಂದು ಗುರುತು ಹಾಕಿಕೊಳ್ಳುತ್ತದೆ. ಆ ಜಾಗಕ್ಕೆ ಮತ್ತೆ ಬರೆಯುವ ಸಂದರ್ಭ ಬಂದಾಗ ಪುಟ ಸರಿಯಿದೆಯೇ ಎಂದು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಲೆಡ್ಜರಿನ ಹಿಂಭಾಗದಲ್ಲಿ ಕಾದಿರಿಸಿದ ಖಾಲಿ ಪುಟವನ್ನು ಅದರ ಬದಲಿಗೆ ಕೊಟ್ಟು, ಸೂಚಿಯಲ್ಲಿ ತಿದ್ದಿಕೊಳ್ಳುತ್ತದೆ. ನಮಗೆ ಏನೂ ಗೊತ್ತಾಗುವುದಿಲ್ಲ.

ಹೀಗೆ ಬದಲಿ ಕೊಟ್ಟ ಪುಟಗಳ ಎಣಿಕೆ 5ನೆಯ ಸಾಲಿನಲ್ಲಿದೆ. ಓದಲಾಗದೆ ಸಂಶಯದಲ್ಲಿರುವುದು 197ರಲ್ಲಿ. ಡಿಸ್ಕು ತಾನೇ ತಪಾಸಣೆ ಮಾಡಿಕೊಳ್ಳುವಾಗ ಸರಿಪಡಿಸಲಾಗದೆ ಉಳಿದದ್ದು 198ರಲ್ಲಿ. ಈ ಮೂರೂ ಸೊನ್ನೆ ಇರಬೇಕು. 5ರಲ್ಲಿ ಒಂದೆರಡು ಇದ್ದು, ತಿಂಗಳಾದರೂ ಏರದಿದ್ದರೆ ಗಮನವಿಟ್ಟುಕೊಂಡು ಬಳಸಬಹುದು. ಏರುತ್ತಿದ್ದರೆ ಆ ಡಿಸ್ಕಿನ ಕಾಲ ಮುಗಿಯಿತೆಂದೇ ಇಟ್ಟುಕೊಳ್ಳಿ. 197ರಲ್ಲಿ ಸೊನ್ನೆಯಲ್ಲದ್ದು ಕಂಡರೆ ಇನ್ನೂ ಗಂಭೀರ, ಏಕೆಂದರೆ ಯಾವುದೋ ಮನವಿಯ ಪುಟವೋ ಫೋಟೋವೋ ಆಗಲೇ ಓದಲು ಬರುತ್ತಿಲ್ಲ ಎಂದರ್ಥ.

9ನೆಯ ಸಾಲು ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಹೇಳುತ್ತದೆ. ಬಿಡದೆ ಓಡಿದರೆ ವರ್ಷಕ್ಕೆ 8760 ಗಂಟೆ. "ಹೊಸದು" ಎಂದು ಕೊಂಡು ತಂದ ಡಿಸ್ಕಿನಲ್ಲಿ ಸಾವಿರಾರು ಗಂಟೆ ಕಂಡರೆ ಬಿಲ್ಲು ಹಿಡಿದು ಅಂಗಡಿಗೆ ಹಿಂತಿರುಗಿ. 194 ಉಷ್ಣತೆ. ಆದೋನಿ, ರಾಯದುರ್ಗ, ಸೊಲ್ಲಾಪುರದ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಇಡೀ ದಿನ ಕಾಪಿ ಮಾಡುವವರು ನಡುನಡುವೆ ಇದನ್ನು ನೋಡಿ, 50 ದಾಟುತ್ತಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ. 199 ಏರುತ್ತಿದ್ದರೆ ಮೊದಲು ಕೇಬಲ್ಲನ್ನು ಅನುಮಾನಿಸಿ. ಡಿಸ್ಕಿನ ತಪ್ಪು ಇರಲಾರದು. ಇನ್ನು, ಸೀಗೇಟ್ ಕಂಪನಿಯ ಡಿಸ್ಕುಗಳಲ್ಲಿ 1 ಮತ್ತು 7ನೆಯ ಸಾಲುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಾಣುತ್ತದೆ. ಅವರು ಆ ಲೆಕ್ಕ ಬರೆಯುವ ರೀತಿಯೇ ಹಾಗೆ, ಗಾಬರಿ ಬೇಡ.

ಎನ್‌ವಿಎಂಇ ಡಿಸ್ಕಿಗೆ ಈ ಕೋಷ್ಟಕ ಇಲ್ಲ. ಅಲ್ಲಿ ಪರ್ಸೆಂಟೇಜ್ ಯೂಸ್ಡ್ ಎಂಬುದು ಎಷ್ಟು ಸವೆದಿದೆ ಎಂದೂ, ಮೀಡಿಯಾ ಎರರ್ಸ್ ಎಂಬುದು ಎಷ್ಟು ತಪ್ಪಾಗಿದೆ ಎಂದೂ ತಿಳಿಸುತ್ತವೆ. ಎಸ್‌ಎಸ್‌ಡಿ ವೇಗ ಹೌದು, ಆದರೆ ಅಲ್ಮೇರಾದಲ್ಲಿ ವರ್ಷಗಟ್ಟಲೆ ಇಡಲು ಅದು ತಕ್ಕುದಲ್ಲ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಆಯುಷ್ಯ ಪೂರ್ತಿ ಸವೆದ ಮೇಲೆ, ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಬರಹ ಉಳಿಸಿಕೊಂಡರೆ ಸಾಕು ಎಂಬುದೇ ಉದ್ಯಮದ ಮಾನದಂಡ. ನಮ್ಮ ಕಡೆಯ ಸೆಖೆಯಲ್ಲಿ ಅವಧಿ ಇನ್ನೂ ಕಡಿಮೆಯಾಗುತ್ತದೆ.

ಲೆಕ್ಕ ಓದುವುದಲ್ಲದೆ ಡಿಸ್ಕಿಗೆ ಪರೀಕ್ಷೆಯನ್ನೂ ಕೊಡಬಹುದು. ಅಡ್ಡಗೆರೆ, ಟಿ, ಸ್ಪೇಸ್, ಶಾರ್ಟ್ ಎಂದರೆ ಎರಡು ನಿಮಿಷದ್ದು. ಶಾರ್ಟ್ ಬದಲು ಲಾಂಗ್ ಎಂದರೆ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಯಾರೂ ಮುಟ್ಟದ ಮೂಲೆಗಳು ಬಯಲಾಗುವುದು ಇದರಲ್ಲೇ. ಗಂಟೆಗಟ್ಟಲೆ ಹಿಡಿಯುತ್ತದೆ, ಎಷ್ಟು ಹೊತ್ತೆಂದು ಅದೇ ಹೇಳುತ್ತದೆ. ಲೋಡ್ ಶೆಡ್ಡಿಂಗ್ ವೇಳೆ ನೋಡಿಕೊಂಡು ರಾತ್ರಿ ಹಚ್ಚಿಬಿಡಿ. ಬೆಳಿಗ್ಗೆ ಅಡ್ಡಗೆರೆ, ಎಲ್, ಸ್ಪೇಸ್, ಸೆಲ್ಫ್‌ಟೆಸ್ಟ್ ಎಂದು ಹೊಡೆದರೆ ಫಲಿತಾಂಶ ಸಿಗುತ್ತದೆ. ರೀಡ್ ಫೇಲ್ಯೂರ್ ಎಂದಿದ್ದರೆ ಅನುತ್ತೀರ್ಣ.

ಆದರೆ 197ರಲ್ಲಿ ಈಗಾಗಲೇ ಎಣಿಕೆ ಇರುವ ಡಿಸ್ಕಿಗೆ ಲಾಂಗ್ ಪರೀಕ್ಷೆ ಕೊಡಬೇಡಿ, ರಿಪೇರಿ ಮಾಡುವ ಯಾವ ಪ್ರೋಗ್ರಾಂ ಕೂಡ ಓಡಿಸಬೇಡಿ. ಜ್ವರ ಬಂದವನನ್ನು ಓಟಕ್ಕೆ ಬಿಟ್ಟ ಹಾಗಾಗುತ್ತದೆ. ಬೇರೆಲ್ಲೂ ಪ್ರತಿ ಇಲ್ಲದ ಫೋಲ್ಡರನ್ನು ಮೊದಲು ಹೊಸ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಉಳಿದದ್ದು. ಮಧ್ಯೆ ಸಿಕ್ಕಿಕೊಂಡರೆ ಪದೇ ಪದೇ ಪ್ರಯತ್ನಿಸದೆ ಬಿಡಿ. ಡಿಡಿರೆಸ್ಕ್ಯೂ ಎಂಬ ಸಾಧನ ಓದಲು ಬರುವುದನ್ನು ಮೊದಲು ಎತ್ತಿಕೊಂಡು ಕಷ್ಟದ್ದನ್ನು ಕೊನೆಗಿಡುತ್ತದೆ, ಅದನ್ನು ಬಲ್ಲವರ ಕೈಯಿಂದಲೇ ಮಾಡಿಸಬೇಕು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಯಾವ ಆದೇಶವೂ ಬೇಡ, ಕಿತ್ತಿಡಿ.

ಮೂರು ಸೊನ್ನೆ ಕಂಡ ಮಾತ್ರಕ್ಕೆ ನಿಶ್ಚಿಂತೆಯೇ? ಅಲ್ಲ. ಗೂಗಲ್ ಸಂಸ್ಥೆಯವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಓದುವಾಗಿನ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಆದರೆ ಅದೇ ಪ್ರಬಂಧದ ಇನ್ನೊಂದು ಮಾತೂ ಇದೆ: ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 56 ಶೇಕಡಾ ಮೀರಿ, ಮುಖ್ಯವಾದ ನಾಲ್ಕು ಎಣಿಕೆಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ರಿಜಿಸ್ಟರು ಸುಳ್ಳು ಹೇಳುವುದಿಲ್ಲ, ಎಲ್ಲವನ್ನೂ ಹೇಳುವುದೂ ಇಲ್ಲ.

ಹೀಗಾಗಿ ಪ್ರತಿ ಶಾಖೆಯ ಡಿಸ್ಕಿನ ಇನ್ನೊಂದು ಪ್ರತಿ ಬೇರೊಂದು ಊರಿನಲ್ಲಿ ಇರಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಹೊಸೂರಿನದು ಅಕ್ಕಲಕೋಟೆಯಲ್ಲಿ, ಜತ್ತದ್ದು ತಾಳವಾಡಿಯಲ್ಲಿ, ಮಡಕಶಿರದ್ದು ಕಾಸರಗೋಡಿನಲ್ಲಿ. ಒಂದೇ ಅಲ್ಮೇರಾದ ಮೇಲಿನ ಖಾನೆ ಕೆಳಗಿನ ಖಾನೆಯಲ್ಲಿ ಇಟ್ಟದ್ದನ್ನು ಎರಡು ಪ್ರತಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಇತರ ಶಾಖೆಗಳ ಜೋಡಿಗಳನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸಲಾಗುವುದು.

ಶಾಖಾ ಕಾರ್ಯದರ್ಶಿಗಳು ಪ್ರತಿ ತಿಂಗಳ ಮೊದಲ ಭಾನುವಾರ ಎರಡೂ ಪ್ರತಿಗಳ ಡಿಸ್ಕು ಪರೀಕ್ಷಿಸಿ ದಿನಾಂಕ, ಸೀರಿಯಲ್ ಸಂಖ್ಯೆ, ಗಂಟೆ, ಮತ್ತು 5, 197, 198ನೆಯ ಸಾಲುಗಳ ಎಣಿಕೆಯನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕಾಗಿ ವಿನಂತಿ. ನಕಲು 10ನೆಯ ತಾರೀಖಿನೊಳಗೆ ನನಗೆ ತಲುಪಲಿ. ಟೈಪ್ ಮಾಡಲು ಪುರುಸೊತ್ತಿಲ್ಲದವರು ಪರದೆಯ ಫೋಟೋ ತೆಗೆದು ಕಳಿಸಿದರೂ ನಡೆಯುತ್ತದೆ. ಸೀರಿಯಲ್ ಸಂಖ್ಯೆ ಕಾಣುವಂತಿರಲಿ.

— ಕಾರ್ಯದರ್ಶಿ