ಕಾಣದ ಬೈಕಿಗೆ ಹಣ ಕಳಿಸುವ ಮುನ್ನ

ಭಾನುವಾರದ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನ ಯುವಕರು ಒಂದೇ ಮೊಬೈಲಿನ ಸುತ್ತ ನಿಂತಿದ್ದರೆ, ಅಲ್ಲಿ ಹೆಚ್ಚಾಗಿ ಒಂದು ಬೈಕಿನ ಫೋಟೋ ಇರುತ್ತದೆ. ಬೈಕು ಇರುವುದು ಬೆಂಗಳೂರಿನ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಆಗಿರುತ್ತದೆ. "ಒಬ್ಬರೇ ಓಡಿಸಿದ ಗಾಡಿಯಂತೆ, ಇವತ್ತೇ ಮುಂಗಡ ಹಾಕಿದರೆ ಬೇರೆಯವರಿಗೆ ಕೊಡುವುದಿಲ್ಲವಂತೆ" ಎಂಬ ಮಾತು ಕೇಳಿಬರುತ್ತದೆ.

ಕರಾವಳಿಯವರು ಬೆಂಗಳೂರಿನ ಹಳೆಯ ಬೈಕು ಹುಡುಕುವುದಕ್ಕೆ ಕಾರಣವಿದೆ. ಅಲ್ಲಿ ಆಯ್ಕೆ ಹೆಚ್ಚು. ನಮ್ಮ ಉಪ್ಪುಗಾಳಿಗೆ ಸೈಲೆನ್ಸರು, ರಿಮ್ಮು, ನಟ್ಟು-ಬೋಲ್ಟು ಬೇಗ ತುಕ್ಕು ಹಿಡಿಯುತ್ತವೆ. ಬೆಂಗಳೂರಿನ ಒಣ ಹವೆಯಲ್ಲಿ ಓಡಿದ ಗಾಡಿಯಲ್ಲಿ ಆ ತೊಂದರೆ ಕಡಿಮೆ. ಉತ್ಪಾದನೆ ನಿಂತ ಹಳೆಯ ಮಾದರಿಗಳು ಬೇಕೆಂದರೂ ದೊಡ್ಡ ನಗರದಲ್ಲೇ ಹುಡುಕಬೇಕು. ಮನೆ ಮನೆ ಭೇಟಿ ಮಾಡುವ ಧರ್ಮೋಪದೇಶಕರು, ಮುಂಜಾನೆ ದಕ್ಕೆಗೆ ಹೋಗುವ ಮೀನುಗಾರರು, ಹೊಸದಾಗಿ ಕೆಲಸಕ್ಕೆ ಸೇರಿದ ಯುವಜನರು, ಇವರೆಲ್ಲರಿಗೂ ಬೈಕು ದುಡಿಮೆಯ ಸಾಧನ. ಆ ಹಣ ಚೀಟಿಯಿಂದಲೋ, ಸೊಸೈಟಿ ಸಾಲದಿಂದಲೋ, ತಾಯಿಯ ಬಳೆ ಅಡವಿಟ್ಟೋ ಬಂದದ್ದಾಗಿರುತ್ತದೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ನಮ್ಮ ಮಾತಿನ ಸಾರ ಇಷ್ಟೇ: ಹಣ ಹೋಗುವ ಮೊದಲು ಕಣ್ಣು ಹೋಗಬೇಕು. ನಮ್ಮ ಕಣ್ಣು ಹೋಗಲಾಗದಿದ್ದರೆ ನಮ್ಮವರ ಕಣ್ಣಾದರೂ ಹೋಗಬೇಕು.

ಮೊದಲು ದಾಖಲೆ, ಆಮೇಲೆ ಬೈಕು

ಫೋಟೋದಲ್ಲಿ ಟ್ಯಾಂಕು ಹೊಳೆಯುವುದು ದೊಡ್ಡ ವಿಷಯವಲ್ಲ. ನಾವು ಮೊದಲು ಕೇಳಬೇಕಾದದ್ದು ಆರ್‌ಸಿಯ ಎರಡೂ ಬದಿಯ ಚಿತ್ರ. ಗಾಡಿಯ ನಂಬರನ್ನು ಕೇಂದ್ರ ಸಾರಿಗೆ ಸಚಿವಾಲಯದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ನೋಂದಣಿಯ ದಿನಾಂಕ, ಮಾದರಿ, ವಿಮೆ ಇತ್ಯಾದಿ ತಿಳಿಯುತ್ತದೆ. ಮಾಲೀಕರ ಹೆಸರು ಅಲ್ಲಿ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಮಾರುವವರು ತಮ್ಮ ಡಿಜಿಲಾಕರ್‌ನಲ್ಲಿರುವ ಆರ್‌ಸಿಯನ್ನು ವಿಡಿಯೋ ಕರೆಯಲ್ಲಿ ತೆರೆದು ತೋರಿಸಲಿ. ನಿಜವಾದ ಮಾಲೀಕರಿಗೆ ಇದು ಎರಡು ನಿಮಿಷದ ಕೆಲಸ.

ಕೆಎ-02 ಎಂದರೆ ರಾಜಾಜಿನಗರದ ಸಾರಿಗೆ ಕಚೇರಿ, ಕೆಎ-41 ಎಂದರೆ ಕೆಂಗೇರಿ ಕಡೆಯ ಜ್ಞಾನಭಾರತಿ ಕಚೇರಿ. ಆದರೆ ನಂಬರ್ ನೋಡಿ ಗಾಡಿ ಅಲ್ಲೇ ಇದೆ ಎಂದು ತಿಳಿಯಬಾರದು. ಬೇರೆಯವರ ಬೈಕಿನ ಫೋಟೋವನ್ನೂ ಆರ್‌ಸಿಯನ್ನೂ ಕದ್ದು ಜಾಹೀರಾತು ಹಾಕುವವರಿದ್ದಾರೆ.

ದಾಖಲೆಯಲ್ಲಿ ಗಮನಿಸಬೇಕಾದ ಮುಖ್ಯ ಅಂಶಗಳು ಇವು:

1. ನೋಂದಣಿಯ ಅವಧಿ: ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಮಾತ್ರ. ಅದರ ನಂತರ ತಪಾಸಣೆ ಮಾಡಿಸಿ ನವೀಕರಿಸಬೇಕು. ಅವಧಿ ಮುಗಿಯುತ್ತಾ ಬಂದ ಗಾಡಿ ಅಗ್ಗಕ್ಕೆ ಸಿಕ್ಕಿದರೆ ಆಶ್ಚರ್ಯವಿಲ್ಲ.

2. ಸಾಲ: ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆಯ ಹೆಸರಿದ್ದರೆ ಸಾಲದ ಗುರುತು ಇನ್ನೂ ತೆಗೆದಿಲ್ಲ ಎಂದರ್ಥ. ಸಾಲ ತೀರಿದ್ದರೂ ಫಾರಂ 35 ಮತ್ತು ಸಾಲ ಕೊಟ್ಟವರ ಪತ್ರದೊಂದಿಗೆ ಆ ಹೆಸರನ್ನು ತೆಗೆಸಬೇಕು. ಇದನ್ನು ಮಾರುವವರೇ ಮಾಡಿಸಿಕೊಡಲಿ.

3. ದಂಡ: ಬೆಂಗಳೂರಿನ ಸಂಚಾರ ಪೊಲೀಸರ ಕ್ಯಾಮೆರಾಗಳು ದಾಖಲಿಸಿದ ದಂಡ ಗಾಡಿಯ ನಂಬರಿನ ಮೇಲೆ ಕೂರುತ್ತದೆ. ಬಾಕಿ ಎಷ್ಟಿದೆ ಎಂದು ಆನ್‌ಲೈನ್‌ನಲ್ಲಿ ನೋಡಬಹುದು. ಬಾಕಿಯನ್ನು ಮಾರುವವರು ಮೊದಲೇ ಕಟ್ಟಲಿ.

4. ವಿಮೆ ಮತ್ತು ಹೊಗೆ ಪ್ರಮಾಣಪತ್ರ: ಚಾಲ್ತಿಯಲ್ಲಿವೆಯೇ ನೋಡಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಯಾದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದೂ ಕೇಳಿ.

ಮಾರುವವರು ಯಾರು?

ಆರ್‌ಸಿಯಲ್ಲಿ ಹೆಸರಿರುವವರೇ ಮಾರುತ್ತಿದ್ದರೆ ಕೆಲಸ ಸುಲಭ. "ನನ್ನ ಸ್ನೇಹಿತನದ್ದು, ಅವನು ದುಬೈಯಲ್ಲಿದ್ದಾನೆ" ಎಂದರೆ ಆ ಸ್ನೇಹಿತನೊಡನೆ ಮಾತನಾಡದೆ ಮುಂದುವರಿಯಬಾರದು. ತಂದೆ ತೀರಿಕೊಂಡ ಮೇಲೆ ಮಗ ಮಾರುತ್ತಿದ್ದರೆ, ಅವರು ಮೊದಲು ಫಾರಂ 31ರ ಮೂಲಕ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತೀರಿಹೋದವರ ಸಹಿ ಇರುವ ಹಳೆಯ ಫಾರಂ ಹಿಡಿದು ಕಚೇರಿಗೆ ಹೋದರೆ ಸಿಕ್ಕಿಬೀಳುವವರು ಕೊಂಡವರೇ.

ವ್ಯಾಪಾರಿಗಳ ಮೂಲಕ ಕೊಳ್ಳುವುದಾದರೆ ಒಂದು ವಿಷಯ ತಿಳಿದಿರಲಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಹಳೆಯ ವಾಹನಗಳ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ಗಾಡಿ ತನ್ನ ವಶಕ್ಕೆ ಬಂದದ್ದನ್ನು ಇಲಾಖೆಗೆ ತಿಳಿಸಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೋಸದ ದಾರಿ ಹೀಗಿರುತ್ತದೆ

ದೇಶದ ಅನೇಕ ಕಡೆ, ಬೆಂಗಳೂರಿನಲ್ಲೂ, ಪೊಲೀಸರಿಗೆ ದೂರು ಬಂದಿರುವ ಒಂದು ರೀತಿಯ ಮೋಸವಿದೆ. ಮಾರುವವನು ತಾನು ಸೈನಿಕ ಅಥವಾ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಎನ್ನುತ್ತಾನೆ. ಬೇರೆ ರಾಜ್ಯಕ್ಕೆ ವರ್ಗವಾಗಿದೆ, ಅದಕ್ಕೆ ಕಡಿಮೆ ಬೆಲೆ ಎನ್ನುತ್ತಾನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲವನ್ನೂ ಕಳಿಸುತ್ತಾನೆ. "ಗಾಡಿಯನ್ನು ಸೇನೆಯ ಪಾರ್ಸೆಲ್‌ನಲ್ಲಿ ನಿಮ್ಮ ಮನೆಗೇ ಕಳಿಸುತ್ತೇನೆ, ಸಾಗಣೆಗೆ ಸ್ವಲ್ಪ ಹಣ ಹಾಕಿ" ಎಂದು ಮೊದಲು ಎರಡೋ ಮೂರೋ ಸಾವಿರ ಕೇಳುತ್ತಾನೆ. ಆಮೇಲೆ ಗೇಟ್ ಪಾಸ್, ಜಿಎಸ್‌ಟಿ, ತಡವಾದದ್ದಕ್ಕೆ ದಂಡ, ಹೀಗೆ ಒಂದೊಂದಾಗಿ ಬರುತ್ತದೆ. ಪ್ರತಿ ಸಲವೂ "ಇದು ವಾಪಸ್ ಬರುವ ಹಣ" ಎಂಬ ಮಾತು. ಕಳೆದುಕೊಂಡ ಹಣದ ಆಸೆಯಿಂದಲೇ ಜನ ಮತ್ತೆ ಮತ್ತೆ ಹಾಕುತ್ತಾರೆ. ಬೈಕು ಮಾತ್ರ ಬರುವುದಿಲ್ಲ.

ಸೇನೆ ಯಾರ ಖಾಸಗಿ ಬೈಕನ್ನೂ ಮಾರಿ ಮನೆಗೆ ತಲುಪಿಸುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ. ಈ ಎರಡು ಮಾತನ್ನು ಯುವಜನರ ಸಭೆಯಲ್ಲಿ ಒಮ್ಮೆ ಹೇಳಿದರೂ ಸಾಕು, ಒಂದೆರಡು ಮನೆಗಳು ಉಳಿಯುತ್ತವೆ.

ಇನ್ನೊಂದು ಅಪಾಯ ಕಳವಿನ ಗಾಡಿಯದ್ದು. ಕಳವಿನದೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಗೊತ್ತಿಲ್ಲದೆ ಕೊಂಡರೂ ಪೊಲೀಸರು ಗಾಡಿಯನ್ನು ವಶಪಡಿಸಿಕೊಳ್ಳುತ್ತಾರೆ. ಮಾರುಕಟ್ಟೆಯ ಅರ್ಧ ಬೆಲೆಗೆ ಸಿಗುವ ಗಾಡಿಯ ಬಗ್ಗೆ ಸಂಶಯ ಪಡುವುದು ಪಾಪವಲ್ಲ.

ನೋಡಲು ಒಬ್ಬರನ್ನು ಕಳಿಸಿ

ಒಂದು ರಾತ್ರಿಯ ಬಸ್ ಪ್ರಯಾಣ ಸಾಧ್ಯವಿದ್ದರೆ ಸ್ವತಃ ಹೋಗುವುದೇ ಮೇಲು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ವಿಜಯನಗರ, ಕೆಂಗೇರಿ, ರಾಜಾಜಿನಗರ ಎಲ್ಲ ಕಡೆಗೂ ಹೋಗಬಹುದು. ಬಸವೇಶ್ವರನಗರಕ್ಕೆ ಬಸ್ಸು, ಆಟೋ ಇದೆ. ಬೈಕಿನ ಬೆಲೆಯ ಮುಂದೆ ಆ ಖರ್ಚು ದೊಡ್ಡದಲ್ಲ.

ಹೋಗಲಾಗದವರಿಗೆ ನಮ್ಮಲ್ಲಿ ಒಂದು ಅನುಕೂಲವಿದೆ. ಕರಾವಳಿಯ ಕುಟುಂಬಗಳು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಇವೆ. ಸೋದರಮಾವನೋ, ಜೊತೆಗೆ ಓದಿದವರೋ, ಹಿಂದೆ ನಮ್ಮ ವಾರ್ಡಿನಲ್ಲಿದ್ದ ಮನೆಯವರೋ ಆ ಕಡೆ ಇದ್ದೇ ಇರುತ್ತಾರೆ. ಯಾರೂ ಗೊತ್ತಿಲ್ಲದಿದ್ದರೆ ನಮ್ಮ ಗುರಿಕಾರರ ಅಥವಾ ಧರ್ಮಗುರುಗಳ ಮೂಲಕ ಆ ಭಾಗದ ಧರ್ಮಕೇಂದ್ರದ ಯುವಜನರ ಪರಿಚಯ ಮಾಡಿಕೊಳ್ಳಬಹುದು. ಪರಿಚಯ ಮಾಡಿಸಿದ ಮಾತ್ರಕ್ಕೆ ಗುರುಗಳು ಗಾಡಿಗೆ ಜಾಮೀನು ನಿಂತಂತೆ ಆಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಹೋಗುವವರು ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಲಿ. ಅವರ ಕೂಲಿಯನ್ನು ನಾವು ಕೊಡೋಣ. ಭೇಟಿ ಆರ್‌ಸಿಯಲ್ಲಿರುವ ವಿಳಾಸದ ಮನೆಯಲ್ಲೇ ಆಗಲಿ, ರಸ್ತೆ ಬದಿಯಲ್ಲಿ ಬೇಡ. ಮನೆ ಬದಲಿಸಿದ್ದಾರೆ ಎಂದರೆ ಈಗಿನ ವಿಳಾಸಕ್ಕೆ ಪುರಾವೆ ಕೇಳಲಿ. ಹ್ಯಾಂಡಲ್ ಕೆಳಗಿನ ಫ್ರೇಮಿನಲ್ಲಿ ಕೆತ್ತಿದ ಚಾಸಿಸ್ ನಂಬರನ್ನೂ ಇಂಜಿನ್ ನಂಬರನ್ನೂ ಆರ್‌ಸಿಯೊಡನೆ ಅಕ್ಷರ ಅಕ್ಷರ ಹೋಲಿಸಲಿ. ಉಜ್ಜಿದ, ಮತ್ತೆ ಕೆತ್ತಿದ ಗುರುತಿದ್ದರೆ ಅಲ್ಲಿಂದಲೇ ಹಿಂದಿರುಗಲಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಲಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ದೋಷ ಮರೆಯಾಗುತ್ತದೆ. ನೀಲಿ ಹೊಗೆ, ಮುಂದಿನ ಫೋರ್ಕಿನ ಎಣ್ಣೆ ಸೋರಿಕೆ, ಫ್ರೇಮಿಗೆ ಹಾಕಿದ ವೆಲ್ಡಿಂಗು, ಚೈನ್ ಸ್ಪ್ರಾಕೆಟ್‌ನ ಸವೆತ ಇವುಗಳನ್ನು ಪರೀಕ್ಷಿಸಲಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದ ಟೈರು. ಇಷ್ಟನ್ನೂ ವಿಡಿಯೋ ಕರೆಯಲ್ಲಿ ನಾವೂ ನೋಡಬಹುದು.

ಹಣ ಮತ್ತು ಸಹಿ ಒಟ್ಟಿಗೆ

ಮೋಟಾರು ವಾಹನ ಕಾಯಿದೆ 1988ರ 50ನೇ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಾವು ವಾಸಿಸುವ ಪ್ರದೇಶದ ಕಚೇರಿಗೆ ತಿಳಿಸಬೇಕು. ಇದಕ್ಕೆ ಫಾರಂ 29 ಮತ್ತು ಫಾರಂ 30 ಬೇಕು. ಖಾಲಿ ಫಾರಂಗೆ ಸಹಿ ಹಾಕುವುದೂ ಬೇಡ, ಹಾಕಿಸಿಕೊಳ್ಳುವುದೂ ಬೇಡ. ಅರ್ಜಿ ಆನ್‌ಲೈನ್ ಆಗಿರುವುದರಿಂದ ಮಾರುವವರ ಮೊಬೈಲಿಗೆ ಒಟಿಪಿ ಬರುತ್ತದೆ. ಆರ್‌ಸಿಗೆ ಜೋಡಿಸಿದ ನಂಬರ್ ಈಗ ಅವರ ಬಳಿ ಇದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ; ಇಲ್ಲವಾದರೆ ಮುನ್ನೂರೈವತ್ತು ಕಿಲೋಮೀಟರ್ ದೂರದಿಂದ ಅವರನ್ನು ಹಿಡಿಯುವುದು ಕಷ್ಟ.

ಹಣವನ್ನು ಆರ್‌ಸಿಯಲ್ಲಿರುವ ಹೆಸರಿನ ಬ್ಯಾಂಕ್ ಖಾತೆಗೇ ಹಾಕಬೇಕು. ನಮ್ಮ ಪರವಾಗಿ ಹೋದವರ ಕೈಗೆ ಮೂಲ ಆರ್‌ಸಿ, ಸಹಿಯಾದ ಫಾರಂಗಳು, ಗುರುತಿನ ದಾಖಲೆಯ ಪ್ರತಿ, ದಿನಾಂಕ ಮತ್ತು ಸಮಯ ಬರೆದ ರಶೀದಿ, ಎರಡೂ ಕೀಲಿ ಬಂದ ಮೇಲೆಯೇ ಹಣ ಕಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.

ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕಾಸರಗೋಡು ಕಡೆಯ ಓದುಗರಿಗೆ ಒಂದು ಮಾತು. ಕರ್ನಾಟಕದ ಗಾಡಿಯನ್ನು ಕೇರಳಕ್ಕೆ ಒಯ್ಯಲು ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಅಲ್ಲಿನ ತೆರಿಗೆ, ಹೊಸ ನಂಬರಿನ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಬೇಕು. ರಾಜ್ಯದೊಳಗೆ ಇರುವವರಿಗೆ ಈ ಹೊರೆಯಿಲ್ಲ.

ಊರಿಗೆ ತರುವಾಗ

ಅಪರಿಚಿತ ಗಾಡಿಯಲ್ಲಿ ನೆಲಮಂಗಲ, ಹಾಸನ ದಾಟಿ ಶಿರಾಡಿ ಘಾಟಿ ಇಳಿಯುವುದು ಹುಡುಗಾಟವಲ್ಲ. ಬ್ರೇಕು, ಟೈರು, ಎಣ್ಣೆ ಸರಿಮಾಡಿಸಿ, ಹಗಲಿನಲ್ಲೇ, ಚಾಲ್ತಿಯಲ್ಲಿರುವ ವಿಮೆಯೊಂದಿಗೆ ಮಾತ್ರ ಹೊರಡಬೇಕು. ಇಲ್ಲವಾದರೆ ರೈಲಿನ ಪಾರ್ಸೆಲ್ ಇದೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪ್ಯಾಕ್ ಮಾಡಿಸಿ, ಆರ್‌ಸಿಯ ಪ್ರತಿ ಮತ್ತು ಗುರುತಿನ ಚೀಟಿ ಕೊಟ್ಟು ಬುಕ್ ಮಾಡಬೇಕು.

ಮಾರುವವರಿಗೂ ಒಂದು ಮಾತು

ನಮ್ಮಲ್ಲಿ ಕೊಳ್ಳುವವರಂತೆಯೇ ಮಾರುವವರೂ ಇದ್ದಾರೆ. ಗಾಡಿ ಕೊಟ್ಟು ಹಣ ಎಣಿಸಿಕೊಂಡರೆ ಜವಾಬ್ದಾರಿ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಹೇಳಿದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಗಾಡಿ ಕೈ ಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬರುತ್ತದೆ. ಆದ್ದರಿಂದ ಹೆಸರು ಬದಲಾಗುವ ತನಕ ಬೆನ್ನು ಹತ್ತುವುದು ಮಾರಿದವರಿಗೂ ಕ್ಷೇಮ.

ಕಾನೂನಿನ ಮಾತು ಹಾಗಾದರೆ ಮನಸ್ಸಾಕ್ಷಿಯ ಮಾತು ಇನ್ನೂ ಹಳೆಯದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ, ಮಾರುವವನು ವಸ್ತುವಿನ ದೋಷವನ್ನು ಹೇಳಬೇಕೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಅವರು ಕೊಟ್ಟ ಉದಾಹರಣೆ ಆ ಕಾಲದ ವಾಹನವಾದ ಕುದುರೆಯದು. ಒಂದು ಕಣ್ಣಿಲ್ಲದ ಕುದುರೆಯಾದರೆ ದೋಷ ಎದುರಿಗೇ ಕಾಣುತ್ತದೆ. ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರೆ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ಕುಂಟು ಕುದುರೆಯನ್ನು ವೇಗದ ಕುದುರೆಯೆಂದು ಮಾರಿ, ಕೊಂಡವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಅದು ಮೋಸ. ಅದನ್ನು ತುಂಬಿಕೊಡಬೇಕು ಎನ್ನುತ್ತಾರೆ ಸಂತರು. ಬೈಕನ್ನು ಕಾಣದೆ ಕೊಳ್ಳುವವನಿಗೆ ಕಣ್ಣಿಗೆ ಕಾಣುವ ದೋಷವೂ ಗುಟ್ಟಾಗಿಯೇ ಉಳಿಯುತ್ತದೆ. ಆದ್ದರಿಂದ ದೂರದವರಿಗೆ ಮಾರುವಾಗ ಹೇಳುವ ಹೊಣೆ ಹೆಚ್ಚುತ್ತದೆ. ಅಪಘಾತವಾದ ಗಾಡಿಯಾದರೆ ಆಗಿದೆ ಎನ್ನಿ. ಏಳನೆಯ ಆಜ್ಞೆ ಜೇಬಿಗೆ ಕೈ ಹಾಕುವವರಿಗೆ ಮಾತ್ರ ಅನ್ವಯಿಸುವುದಲ್ಲ.

ಮೋಸ ಹೋದವರೊಡನೆ

ಎಷ್ಟು ಎಚ್ಚರವಿದ್ದರೂ ಕೆಲವರು ಹಣ ಕಳೆದುಕೊಳ್ಳುತ್ತಾರೆ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಿರುವುದು ಆರಂಭದ ಗಂಟೆಗಳಲ್ಲಿ. ಮೆಸೇಜುಗಳನ್ನು ಅಳಿಸಬಾರದು.

ಈ ಗಂಟೆಗಳು ಹೆಚ್ಚಾಗಿ ನಾಚಿಕೆಯಲ್ಲೇ ಕಳೆದುಹೋಗುತ್ತವೆ. ಮನೆಯಲ್ಲಿ ಬೈಯುತ್ತಾರೆ, ಊರವರು ನಗುತ್ತಾರೆ ಎಂದು ಹುಡುಗ ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಗುರಿಕಾರರು, ಧರ್ಮೋಪದೇಶಕರು, ಯುವಜನರ ಮುಖಂಡರು ಇಂಥವರು ಬಂದಾಗ "ನಿನಗೆ ಅಷ್ಟೂ ಬುದ್ಧಿ ಬೇಡವಾ" ಎನ್ನದೆ, ಮೊದಲು ಪಕ್ಕದಲ್ಲಿ ಕುಳಿತು ಆ ಕರೆ ಮಾಡಿಸಬೇಕು. ಬುದ್ಧಿಮಾತಿಗೆ ಆಮೇಲೆ ಸಮಯವಿದೆ.

ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ ಯಾರಾದರೂ ಬೈಕಿನ ಫೋಟೋ ತೋರಿಸಿದರೆ, ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಮೊದಲು ಒಂದು ಪ್ರಶ್ನೆ ಕೇಳೋಣ: "ಇದನ್ನು ನಮ್ಮವರು ಯಾರು ಹೋಗಿ ನೋಡಿದ್ದಾರೆ?"